ಮಂಗಳದ ಕೊರಕಲಿಗೆ ಕೋಡಂಬಾಕ್ಕದ ಹೊಗೆ

ಗಿಂಡಿಯ ಕಾಲೇಜಿನಲ್ಲಿ ನಮ್ಮ ಭೂವಿಜ್ಞಾನ ವಿಭಾಗದ ಹಿಂದೆ ತಗಡಿನ ಸೂರಿನ ಒಂದು ಶೆಡ್ಡು ಇತ್ತು. ಅದರೊಳಗೆ ಮನುಷ್ಯನೊಬ್ಬ ಕಾಲು ಚಾಚಿ ಮಲಗುವಷ್ಟು ಉದ್ದದ ಪೆಟ್ಟಿಗೆ. ಎರಡು ಬದಿಗೆ ಗಾಜು, ತಳಕ್ಕೆ ದಪ್ಪ ಹಲಗೆ, ಒಂದು ತುದಿಯ ಕೆಳಗೆ ಲಾರಿಯ ಜಾಕಿ. ಜಾಕಿ ತಿರುಗಿಸಿದರೆ ಆ ತುದಿ ಏಳುತ್ತದೆ. ಪೆಟ್ಟಿಗೆಯನ್ನು ಬೇಕಾದಷ್ಟು ಓರೆ ಮಾಡಿಕೊಳ್ಳಬಹುದು. ಒಳಗೆ ತುಂಬಿದ್ದು ಪಲ್ಲಾವರಂ ಕಲ್ಲುಗಣಿಯ ಕಪ್ಪು ಪುಡಿ. ಅದನ್ನು ತರಿಸಿ, ಜರಡಿ ಹಿಡಿದು, ಬಿಸಿಲಲ್ಲಿ ಒಣಗಿಸಿ, ಮತ್ತೆ ಜರಡಿ ಹಿಡಿದದ್ದು ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ನಾನು. ನಮ್ಮ ಪ್ರೊಫೆಸರು ಆ ಪೆಟ್ಟಿಗೆಯನ್ನು ಮಂಗಳ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಬಂದೊಡನೆ ಅವರು ಕೇಳುತ್ತಿದ್ದ ಪ್ರಶ್ನೆ, "ಏನಮ್ಮಾ, ಮಂಗಳಕ್ಕೆ ಜರಡಿ ಆಯ್ತಾ?"

ಇದು ಎರಡು ಸಾವಿರದ ಮೂರು, ನಾಲ್ಕರ ಮಾತು. ಅದಕ್ಕೂ ಕೆಲವು ವರ್ಷ ಮೊದಲು ಮಂಗಳ ಗ್ರಹವನ್ನು ಸುತ್ತುತ್ತಿದ್ದ ನೌಕೆಯೊಂದು ಕಳಿಸಿದ ಚಿತ್ರಗಳಲ್ಲಿ ಯಾರೂ ನಿರೀಕ್ಷಿಸದ ಸಂಗತಿ ಕಂಡಿತ್ತು. ಉಲ್ಕೆ ಬಿದ್ದು ಆದ ದೊಡ್ಡ ಕುಳಿಗಳ ಒಳಗೋಡೆಯ ಮೇಲೆ, ಮಳೆಗಾಲ ಮುಗಿದ ಮೇಲೆ ನಮ್ಮ ಮಣ್ಣುದಿಬ್ಬಗಳಲ್ಲಿ ಕಾಣುವಂಥವೇ ಕೊರಕಲುಗಳು. ಮೇಲೆ ಬೊಗಸೆಯಂತೆ ಕುಸಿದ ಗುಳಿ, ಅಲ್ಲಿಂದ ಹೊರಟು ಇಳಿಯುವ ಸಪೂರ ಕಾಲುವೆ, ತಳದಲ್ಲಿ ಬೀಸಣಿಗೆಯಂತೆ ಹರಡಿದ ಮಣ್ಣು. ಅವು ಬಹಳ ಹಳೆಯವೂ ಅಲ್ಲ. ಅವುಗಳ ಮೇಲೆ ಬೇರೆ ಉಲ್ಕೆ ಬಿದ್ದ ಗುರುತಿರಲಿಲ್ಲ. ಹಾಗಾದರೆ ಕೊರೆದದ್ದು ಏನು? ಮಂಗಳದ ಗಾಳಿ ಎಷ್ಟು ತೆಳುವೆಂದರೆ, ಅಲ್ಲಿ ನೀರು ಚೆಲ್ಲಿದರೆ ಒಂದಿಷ್ಟು ಕುದಿದು ಆವಿಯಾಗುತ್ತದೆ, ಉಳಿದದ್ದು ಹೆಪ್ಪುಗಟ್ಟುತ್ತದೆ. ಆದರೂ ಆ ಆಕಾರ ನೋಡಿದವರ ಬಾಯಿಂದ ಹೊರಡುವ ಮೊದಲ ಮಾತು ನೀರು.

ನಮ್ಮ ಪ್ರೊಫೆಸರ ಬಾಯಿಂದ ಹೊರಟದ್ದೂ ಅದೇ. ಅವರು ತಮಿಳರು, ಮನೆ ಕ್ರೋಂಪೇಟೆಯಲ್ಲಿ. ಹರೆಯದಲ್ಲಿ ಚಿತ್ರದುರ್ಗದ ಗುಡ್ಡಗಳಲ್ಲಿ ಬಂಡೆಗಳ ನಕ್ಷೆ ಮಾಡುತ್ತ ಅಲೆದು, ಅಲ್ಲಿ ಕಿವಿಗೆ ಬಿದ್ದಷ್ಟು ಕನ್ನಡ ಕಲಿತು ಬಂದಿದ್ದರು. ನಾನು ಪೆರಂಬೂರಿನ ರೈಲ್ವೆ ಮನೆತನದವಳು, ಅಪ್ಪನ ಊರು ಅರಸೀಕೆರೆ ಎಂದು ತಿಳಿದ ದಿನದಿಂದ ನನ್ನೊಡನೆ ತಮಿಳು ಆಡುವುದನ್ನೇ ಬಿಟ್ಟರು. ಮದ್ರಾಸಿನಲ್ಲೇ ಹುಟ್ಟಿ ಬೆಳೆದ ನನಗೆ ಅವರ ಕನ್ನಡಕ್ಕಿಂತ ಅವರ ತಮಿಳೇ ಸಲೀಸು ಎಂದು ಹೇಳುವ ಧೈರ್ಯ ಬರಲೇ ಇಲ್ಲ.

"ನೀರು ಇಲ್ಲಾಮ ಈ ವಳೈವು ಬರೋಲ್ಲ ಅಮ್ಮಾ," ಎಂದು ಅವರು ಚಿತ್ರದಲ್ಲಿನ ಕಾಲುವೆಯ ಬಳುಕಿನ ಮೇಲೆ ಬೆರಳಾಡಿಸುತ್ತಿದ್ದರು. "ನೋಡು, ಹೆಂಗೆ ತಿರುಗಿ ತಿರುಗಿ ಹೋಗ್ತದೆ. ಕಲ್ಲು ಬಿದ್ರೆ ನೇರ ಬೀಳ್ತದೆ. ನೀರು ಮಾತ್ರ ಯೋಚನೆ ಮಾಡಿ ಹೋಗ್ತದೆ."

ಮುಂದಿನ ವರ್ಷ ಅವರ ನಿವೃತ್ತಿ. ಅದಕ್ಕೆ ಮೊದಲು ಊರಿನಲ್ಲೇ ನಡೆಯಲಿದ್ದ ಸಮ್ಮೇಳನದಲ್ಲಿ ಅವರ ಉಪನ್ಯಾಸವೊಂದು ನಿಗದಿಯಾಗಿತ್ತು. ಶೀರ್ಷಿಕೆಯೂ ಹೋಗಿಯಾಗಿತ್ತು, ಅದರಲ್ಲಿ ನೀರು ಎಂಬ ಪದವಿತ್ತು. ಜೀವಮಾನವೆಲ್ಲ ನೆಲದ ಬಂಡೆಗಳ ಜೊತೆ ಕಳೆದವರು ಕೊನೆಗೊಮ್ಮೆ ಇನ್ನೊಂದು ಗ್ರಹದ ಬಗ್ಗೆ ಮಾತಾಡಿ ವೇದಿಕೆ ಇಳಿಯಬೇಕೆಂದು ಆಸೆಪಟ್ಟಿದ್ದರು. ಆ ಆಸೆಗೆ ಆಧಾರ ಒದಗಿಸುವುದು ನನ್ನ ಕೆಲಸ.

ಮೊದಮೊದಲು ಎಲ್ಲ ಸುಗಮವಾಗಿ ನಡೆಯಿತು. ಇಳಿಜಾರಿನ ಮೇಲ್ತುದಿಯ ಪುಡಿಯೊಳಗೆ ತೂತು ಕೊರೆದ ಕೊಳವೆಯೊಂದನ್ನು ಹೂತು, ಅದರೊಳಗೆ ಉಪ್ಪುನೀರು ಬಿಡುತ್ತಿದ್ದೆವು. ಉಪ್ಪಿದ್ದರೆ ನೀರು ಬೇಗ ಹೆಪ್ಪುಗಟ್ಟದು. ಮಂಗಳದಲ್ಲಿ ಹರಿದಿದ್ದರೆ ಅಂಥ ನೀರೇ ಹರಿದಿರಬೇಕು ಎಂಬುದು ನಮ್ಮ ಲೆಕ್ಕ. ಗೋಡೆ ಬೆವರಿದಂತೆ ತೇವ ಹೊರಬರುತ್ತಿತ್ತು, ಮೇಲಿನ ಪುಡಿ ಕುಸಿಯುತ್ತಿತ್ತು, ಕಾಲುವೆಯೊಂದು ದಾರಿ ಹುಡುಕಿಕೊಂಡು ಇಳಿಯುತ್ತಿತ್ತು. ಪ್ರತಿ ಸಲವೂ ಪ್ರೊಫೆಸರು ಗಾಜಿಗೆ ಮೂಗು ತಾಗಿಸಿ "ಬಂತು, ಬಂತು!" ಎನ್ನುತ್ತಿದ್ದರು. ನಾನು ಚಿತ್ರ ತೆಗೆದು, ಕಾಲುವೆಯ ಅಗಲ ಆಳ ಅಳೆದು, ಪುಡಿಯನ್ನೆಲ್ಲ ಅಗೆದು ತೆಗೆದು, ಉಪ್ಪು ಬಿಡುವ ತನಕ ತೊಳೆದು, ಒಣಗಿಸಿ, ಮತ್ತೆ ತುಂಬುತ್ತಿದ್ದೆ. ಕೊರೆಯುವುದಕ್ಕೆ ಬೇಕಾದದ್ದು ಒಂದು ಚೊಂಬು ನೀರು, ತೊಳೆಯುವುದಕ್ಕೆ ಡ್ರಮ್ಮುಗಟ್ಟಲೆ.

ಅಷ್ಟರಲ್ಲಿ ಊರಿನ ನೀರೇ ನಿಂತಿತು. ಹಿಂದಿನ ವರ್ಷ ಕೈಕೊಟ್ಟ ಮಳೆ ಆ ವರ್ಷವೂ ಕೈಕೊಟ್ಟಿತ್ತು. ರೆಡ್ ಹಿಲ್ಸ್ ಕೆರೆಯ ತಳ ಬಿರಿದಿತ್ತು. ಮಳೆನೀರು ಹಿಡಿಯಲೇಬೇಕೆಂದು ಆಜ್ಞೆಯಾಗಿ ಊರಿನ ಮನೆಮನೆಯ ಗೋಡೆಗೂ ಪೈಪು ಜೋಡಿಸುವ ಸುತ್ತಿಗೆಯ ಸದ್ದು. ಆಕಾಶದಲ್ಲಿ ಒಂದು ಮೋಡವಿಲ್ಲ. ಪೆರಂಬೂರಿನ ನಮ್ಮ ಬೀದಿಗೆ ನೀರಿನ ಲಾರಿ ಬಂದರೆ ಅಮ್ಮ ಮಹಡಿಯಿಂದಲೇ ಕೂಗುತ್ತಿದ್ದಳು, "ತಣ್ಣಿ ಲಾರಿ ಬಂದೈತೆ ಕಣೇ, ಕೊಡ ತಗೊಂಡು ಶೀಕ್ರಂ ಇಳಿ!" ನಲವತ್ತು ವರ್ಷ ಮದ್ರಾಸಿನಲ್ಲಿ ಕಳೆದ ಅವಳ ಅರಸೀಕೆರೆ ಮಾತಿನಲ್ಲಿ ಹೀಗೆ ಅರ್ಧ ತಮಿಳು ಸೇರಿಕೊಂಡಿತ್ತು. ಸೊಂಟದ ಮೇಲೆ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಅವಳು ಕೇಳುವಳು, "ಅಲ್ಲಾ, ಕಾಲೇಜಲ್ಲಿ ಮಣ್ಣಿಗೆ ನೀರು ಸುರ್ಕಂಡು ಕೂತಿರ್ತೀರಂತೆ. ಯಾರಾದ್ರೂ ನೋಡಿದ್ರೆ ಸುಮ್ನೆ ಬಿಡ್ತಾರಾ?"

ಶೆಡ್ಡಿನ ಮೇಲೆ ನಮ್ಮದೇ ಒಂದು ಟ್ಯಾಂಕಿತ್ತು. ಕೊಳಾಯಿ ನಿಲ್ಲುವ ಮುಂಚೆ ತುಂಬಿಸಿಟ್ಟಿದ್ದೆವು. ತೊಳೆದ ನೀರನ್ನು ಸೋಸಿ ಮತ್ತೆ ಬಳಸುತ್ತ, ಮಿತವಾಗಿ ಹೋದರೆ ಸಮ್ಮೇಳನದವರೆಗೆ ಸಾಕಾಗುತ್ತದೆಂದು ನಾನು ಅಂದಾಜು ಮಾಡಿದ್ದೆ. ಒಂದು ಮಧ್ಯಾಹ್ನ ಹಾಸ್ಟೆಲಿನ ಇಬ್ಬರು ಹುಡುಗಿಯರು ಬಕೆಟ್ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರು. ಮುಖ ತೊಳೆಯಲೂ ನೀರಿಲ್ಲ ಸಾರ್, ಒಂದೇ ಒಂದು ಬಕೆಟ್ ಕೊಡಿ ಎಂದು ತಮಿಳಿನಲ್ಲಿ ಕೇಳಿದರು. ಪ್ರೊಫೆಸರು ಅವರನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು.

"ಅಮ್ಮಾ, ಟ್ಯಾಂಕಿಗೆ ಪೈಪ್ ಹಾಕು. ಹಾಸ್ಟೆಲ್ ಕಡೆ ಬಿಡು. ಪೂರಾ."

"ಪೂರಾನಾ ಸರ್? ನಮ್ಮ ಪ್ರಯೋಗ?"

"ಮಂಗಳದಲ್ಲಿ ನೀರು ಉಂಟಾ ಇಲ್ಲವಾ ನಮಗೆ ಗೊತ್ತಿಲ್ಲ. ಹಾಸ್ಟೆಲಲ್ಲಿ ಇಲ್ಲ ಅಂತ ಗೊತ್ತಾಯ್ತಲ್ಲ."

ಸಂಜೆಯೊಳಗೆ ಟ್ಯಾಂಕು ಬರಿದಾಯಿತು. ಮರುದಿನದಿಂದ ನನಗೆ ಮಾಡಲು ಕೆಲಸವಿಲ್ಲ.

ಸುಮ್ಮನೆ ಕೂರುವುದು ನನಗೆ ಬಾರದು. ನೀರಿಲ್ಲದಿದ್ದರೆ ನೀರಿಲ್ಲದೆಯೇ ಏನಾಗುತ್ತದೆ ನೋಡೋಣವೆಂದು ಒಣಪುಡಿಯನ್ನು ಪೆಟ್ಟಿಗೆಗೆ ತುಂಬಿದೆ. ಹೋಲಿಕೆಗೆ ಹೇಗೂ ಬೇಕಾಗುತ್ತಿತ್ತು. ಮೊರದಿಂದ ರಾಗಿ ಸುರಿದರೆ ಗುಪ್ಪೆ ಒಂದು ಓರೆಯವರೆಗೆ ನಿಲ್ಲುತ್ತದೆ. ಅದರಾಚೆ ಒಂದು ಹಿಡಿ ಹಾಕಿದರೂ ಜಾರುತ್ತದೆ. ಪ್ರತಿ ಪುಡಿಗೂ ಹಾಗೆ ಅದರದೇ ಒಂದು ನಿಲುವಿನ ಓರೆ. ಜಾಕಿಯನ್ನು ನಿಧಾನವಾಗಿ ತಿರುಗಿಸುತ್ತ ಆ ಓರೆ ಮುಟ್ಟಿಸಿದೆ. ಮೇಲ್ತುದಿಯಿಂದ ಪುಡಿ ಸರ್ರನೆ ಜಾರಿತು. ಧೂಳು ಇಳಿದ ಮೇಲೆ ನೋಡುತ್ತೇನೆ: ಮೇಲೆ ಬೊಗಸೆಯಂಥ ಗುಳಿ, ನಡುವೆ ಎರಡು ದಂಡೆ ಎದ್ದ ಕಾಲುವೆ, ಕೆಳಗೆ ಬೀಸಣಿಗೆ. ಒಂದು ಹನಿ ನೀರಿಲ್ಲ.

ಮತ್ತೆ ಮಾಡಿದೆ. ಮತ್ತೆ ಅದೇ. ನನಗೆ ಸಂತೋಷವಾಗಬೇಕಿತ್ತು, ಆಗಿದ್ದು ಸಂಕಟ. ಆದರೂ ಮುಚ್ಚಿಡುವ ವಿಷಯವಲ್ಲ. ಅವರನ್ನು ಕರೆದು ತೋರಿಸಿದೆ. ಪ್ರೊಫೆಸರು ಗಾಜಿನ ಆಚೆ ಈಚೆ ನಡೆದು ನೋಡಿದರು. "ಬಂತು" ಅನ್ನಲಿಲ್ಲ. "ಇದು ನೇರ ಹೋಗಿದೆ. ವಳೈವು ಎಲ್ಲಿ?" ಎಂದರು. ಆಮೇಲೆ ತಾವೇ, "ಇದು ಸಾಲದು. ಅಲ್ಲಿನ ಗೋಡೆ ಎಷ್ಟು ಓರೆ ಅಂತ ನೋಡು ಅಮ್ಮಾ. ನಿಲುವಿನ ಓರೆಗಿಂತ ಕಮ್ಮಿ ಇದ್ರೆ ಒಣಪುಡಿ ಹೆಂಗೆ ಜಾರ್ತದೆ?"

ಪ್ರಶ್ನೆ ಸರಿಯಾಗಿತ್ತು. ನಾನು ಗೋಡೆಗಳ ಓರೆ ಅಳೆಯಲು ಕುಳಿತೆ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಒಂದೊಂದು ಚಿತ್ರ ಇಳಿಯುವಷ್ಟರಲ್ಲಿ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಇಳಿದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕುಳಿಯ ಅಂಚಿನ ನೆರಳು ಎಷ್ಟು ಉದ್ದ ಬಿದ್ದಿದೆ ಎಂದು ಸ್ಕೇಲು ಹಿಡಿಯುತ್ತಿದ್ದೆ. ಆ ಹೊತ್ತಿಗೆ ಅಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿದ್ದ ಎಂಬುದು ಚಿತ್ರದ ಜೊತೆಗೇ ಸಿಗುತ್ತಿತ್ತು. ನೆರಳು, ಸೂರ್ಯನ ಎತ್ತರ, ಇವೆರಡರಿಂದ ಕುಳಿಯ ಆಳ. ಆಳದಿಂದ ಗೋಡೆಯ ಓರೆ. ಒರಟು ಲೆಕ್ಕವೇ, ಆದರೆ ಇಲ್ಲದ್ದಕ್ಕಿಂತ ಮೇಲು. ವಾರಗಟ್ಟಲೆ ಅದನ್ನೇ ಮಾಡಿದೆ. ಬಸ್ಸಿನಲ್ಲಿ ಹೋಗುವಾಗ ಮರದ ನೆರಳು ಕಂಡರೂ ಕೈ ಸ್ಕೇಲು ಹುಡುಕುತ್ತಿತ್ತು.

ಉತ್ತರ ಯಾರಿಗೂ ಪೂರ್ತಿ ಒಲಿಯಲಿಲ್ಲ. ಎಷ್ಟೋ ಗೋಡೆಗಳು ಒಣಪುಡಿ ಜಾರುವಷ್ಟು ಕಡಿದಾಗಿದ್ದವು. ಆದರೆ ಕೆಲವು ಕೊರಕಲುಗಳು ಅದಕ್ಕಿಂತ ಸಪಾಟಾದ ಇಳಿಜಾರಿನಲ್ಲೂ ಬಳುಕುತ್ತ ಬಹುದೂರ ಸಾಗಿದ್ದವು. ಪ್ರೊಫೆಸರ ಮುಖ ಅರಳಿತು. "ನಾನು ಏನು ಹೇಳಿದೆ? ನೀರು!" ಎಂದು ಶೆಡ್ಡಿನ ಹೊರಗಿದ್ದ ಕಾವಲಿನವನಿಗೂ ಕಾಫಿ ತರಿಸಿಕೊಟ್ಟರು.

ನನ್ನ ತಲೆಯಲ್ಲಿ ಬೇರೊಂದು ಹುಳು ಹೊಕ್ಕಿತ್ತು. ಅಷ್ಟು ಚಿತ್ರಗಳನ್ನು ಒಂದೊಂದಾಗಿ ನೋಡಿದ್ದರಿಂದ ಕಣ್ಣಿಗೆ ಬಿದ್ದ ಸಂಗತಿ. ದಕ್ಷಿಣಾರ್ಧದ ಕುಳಿಗಳಲ್ಲಿ ಕೊರಕಲುಗಳು ಹೆಚ್ಚಾಗಿ ಇದ್ದದ್ದು ಧ್ರುವಕ್ಕೆ ಮುಖ ಮಾಡಿದ ಗೋಡೆಯ ಮೇಲೆ, ಅಂದರೆ ಚಳಿಗಾಲದಲ್ಲಿ ಬಿಸಿಲೇ ತಾಗದ ಕಡೆ. ಅಲ್ಲಿ ನೀರಿನ ಮಂಜುಗಡ್ಡೆ ಕರಗುವುದು ಕಷ್ಟ. ಆದರೆ ಅಲ್ಲಿ ಇನ್ನೊಂದು ವಸ್ತು ಧಾರಾಳವಾಗಿ ಕೂರುತ್ತದೆ. ಮಂಗಳದ ಗಾಳಿಯೆಂದರೆ ಬಹುಪಾಲು ಇಂಗಾಲದ ಡೈಆಕ್ಸೈಡು. ಚಳಿ ಬಿಗಿದಾಗ ಆ ಗಾಳಿಯೇ ಹೆಪ್ಪುಗಟ್ಟಿ ನೆಲದ ಮೇಲೆ ಹಿಮದಂತೆ ಇಳಿಯುತ್ತದೆ. ಬಿಸಿಲು ಬಂದಾಗ ಅದು ಕರಗಿ ದ್ರವವಾಗುವುದಿಲ್ಲ, ನೇರ ಅನಿಲವಾಗಿ ಮೇಲೇಳುತ್ತದೆ. ಆ ಅನಿಲ ಪುಡಿಯ ಸಂದಿಯಿಂದ ನುಗ್ಗಿದರೆ ಕಾಳುಗಳನ್ನು ಒಂದರಿಂದೊಂದು ಎತ್ತಿ ಹಿಡಿಯದೇ? ಆಗ ಸಪಾಟು ಇಳಿಜಾರಿನಲ್ಲೂ ಪುಡಿ ಹರಿಯದೇ? ಹೊರದೇಶದಲ್ಲಿ ಕೆಲವರು ಆ ಅನಿಲದ ಮಾತನ್ನು ಆಗಲೇ ಎತ್ತಿದ್ದರು. ಪೆಟ್ಟಿಗೆಯಲ್ಲಿ ಮಾಡಿ ನೋಡುವ ಆಸೆ ನನಗೆ.

ಹೆಪ್ಪುಗಟ್ಟಿಸಿದ ಆ ಅನಿಲವೇ ಡ್ರೈ ಐಸ್, ಅದನ್ನು ತರಿಸೋಣವೆಂದು ಪ್ರೊಫೆಸರಿಗೆ ಹೇಳಿದೆ. "ಡ್ರೈ ಐಸಾ? ಅದು ಐಸ್‌ಕ್ರೀಂ ಗಾಡಿ ಸಾಮಾನು ಅಮ್ಮಾ," ಎಂದು ನಕ್ಕುಬಿಟ್ಟರು. ಬೇಡವೆಂದೂ ಅನ್ನಲಿಲ್ಲ. ಆದರೆ ಅಂದು ಸಂಜೆ ದಿನದಂತೆ ಗಿಂಡಿ ಸ್ಟೇಷನ್ನಿನವರೆಗೆ ನನ್ನ ಜೊತೆ ನಡೆದು ಬರದೆ, ಏನೋ ಕೆಲಸವಿದೆಯೆಂದು ಹಿಂದೆ ಉಳಿದರು.

ಡ್ರೈ ಐಸ್ ಎಲ್ಲಿ ಸಿಗುತ್ತದೆ? ಐಸ್‌ಕ್ರೀಂ ಕಂಪನಿಗಳಿಗೆ ಫೋನು ಮಾಡಿದರೆ ನನ್ನ ಬೇಡಿಕೆ ಕೇಳಿ ನಕ್ಕರು. ಭಾನುವಾರ ಅಮ್ಮ ಟೀವಿಯಲ್ಲಿ ಹಾಡು ನೋಡುತ್ತಿದ್ದಳು. ನಾಯಕ ನಾಯಕಿ ಕನಸಿನ ದೃಶ್ಯದಲ್ಲಿ ಮೊಣಕಾಲುದ್ದದ ಬಿಳಿ ಹೊಗೆಯೊಳಗೆ ಓಡುತ್ತಿದ್ದರು. "ಕೆಮ್ಮೂ ಬರಲ್ವಲ್ಲೇ ಇವ್ರಿಗೆ, ಇಷ್ಟು ಹೊಗೇಲಿ," ಎಂದಳು ಅಮ್ಮ. ನಾನು ಎದ್ದು ನಿಂತೆ. ಅದು ಹೊಗೆಯಲ್ಲ. ಡ್ರೈ ಐಸಿಗೆ ಬಿಸಿನೀರು ತಾಗಿಸಿ ಎಬ್ಬಿಸಿದ ಮಂಜು.

ಮಾರನೆಯ ದಿನವೇ ಕೋಡಂಬಾಕ್ಕಕ್ಕೆ ಹೋದೆ. ಎರಡು ಸ್ಟುಡಿಯೋಗಳ ಗೇಟಿನಲ್ಲಿ ವಿಚಾರಿಸಿ, ಕೊನೆಗೆ ಚಿತ್ರೀಕರಣಕ್ಕೆ ಹೊಗೆ, ಮಳೆ, ಗಾಳಿ ಒದಗಿಸುವ ಹಿರಿಯರೊಬ್ಬರ ಗೋದಾಮು ಸಿಕ್ಕಿತು. ನನ್ನ ತಮಿಳಿನಲ್ಲಿ ಏನು ಕಂಡರೋ, "ಕನ್ನಡಾನಾ ಮೇಡಂ?" ಎಂದರು.

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ತಮಿಳಲ್ಲಿ 'ಆಮಾ' ಅನ್ನೋ ಮುಂಚೆ 'ಹ್ಞೂಂ' ಅಂದ್ರಲ್ಲ. ನಾನು ಮದ್ದೂರಿನೋನು. ಕನ್ನಡ ಪಿಚ್ಚರೆಲ್ಲ ಇಲ್ಲೇ ತೆಗೀತಿದ್ರಲ್ಲ, ಆಗ ಬಂದೆ. ಪಿಚ್ಚರ್ ಎಲ್ಲ ವಾಪಸ್ ಹೋದ್ವು, ನಾನು ಇಲ್ಲೇ ನಿಂತ್ಕಂಡೆ. ಏನು, ನಿಮ್ಮದು ಕನಸಿನ ಸೀನಾ, ಸ್ವರ್ಗದ ಸೀನಾ?"

"ಮಂಗಳ ಗ್ರಹ," ಎಂದೆ.

ಅವರು ನಗಲಿಲ್ಲ. ಎದ್ದು ಷರ್ಟಿನ ಗುಂಡಿ ಹಾಕಿಕೊಂಡರು. "ಇಷ್ಟು ವರ್ಷದಲ್ಲಿ ಅದೊಂದು ಮಾಡಿಲ್ಲ. ಬತ್ತೀನಿ ನಡೀರಿ."

ಹೀಗೆ ನಮ್ಮ ಶೆಡ್ಡಿಗೆ ಮೂರನೆಯವರು ಸೇರಿದರು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸಿನ ಗಟ್ಟಿಗಳನ್ನು ತಂದರು. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟುಹೋಗುತ್ತದೆಂದು ನನಗೊಂದು ಜೊತೆ ಚರ್ಮದ ಕೈಗವಸು ಕೊಟ್ಟರು.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಗಟ್ಟಿಗಳನ್ನು ಒಡೆದು ತುಂಡುಗಳನ್ನು ಪುಡಿಯೊಳಗೆ ಹೂತೆವು. ಒಂದೊಂದು ತುಂಡೂ ಇದ್ದಲ್ಲೇ ಅನಿಲವಾಗಿ, ಮೇಲೊಂದು ತೂತು ಮಾಡಿ ಬುಸ್ಸೆಂದು ಹೊರಟುಹೋಯಿತು. ಪುಡಿ ಅಲುಗಲಿಲ್ಲ. ಎರಡನೆಯ ಸಲ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ ನುಣ್ಣಗೆ ಮಾಡಿದೆ. ಆಗ ಇನ್ನೊಂದು ಕಾಟ. ಮದ್ರಾಸಿನ ಗಾಳಿ! ಊರಿನ ಕೊಳಾಯಿಯಲ್ಲಿ ಹನಿ ನೀರಿಲ್ಲದಿದ್ದರೂ ಸಮುದ್ರದ ಗಾಳಿಯಲ್ಲಿ ಬೇಕಾದಷ್ಟಿತ್ತು. ತಣ್ಣಗಾದ ಪುಡಿಯ ಮೇಲೆ ಆ ತೇವವೆಲ್ಲ ಇಬ್ಬನಿಯಾಗಿ ಕೂತು, ಪುಡಿ ಒದ್ದೆ ಅವಲಕ್ಕಿಯಂತೆ ಅಂಟಿಕೊಂಡಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರೊಫೆಸರು ಹತ್ತಿರ ಬಂದು, ಒಂದು ಚಿಟಿಕೆ ಪುಡಿ ತೆಗೆದು ಬೆರಳಲ್ಲಿ ಉಜ್ಜಿ, ತುಂಬ ಮೃದುವಾಗಿ ಹೇಳಿದರು: "ನೋಡಿದ್ಯಾ ಅಮ್ಮಾ. ನೀನು ಬೇಡ ಅಂದ್ರೂ ನೀರು ಬರ್ತದೆ."

ಗಾಳಿ ಬರಬಾರದೆಂದು ಕಿಟಕಿ ಬಾಗಿಲು ಮುಚ್ಚಿ ಮೂರನೆಯ ಸಲ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಹಣೆ ಸಿಡಿಯತೊಡಗಿತು, ಉಸಿರು ಸಾಲದಾಯಿತು. ಸ್ಟುಡಿಯೋದ ಹಿರಿಯರು ಬಾಗಿಲನ್ನು ಒದ್ದು ತೆರೆದು ನನ್ನನ್ನು ಹೊರಗೆಳೆದರು. "ಡ್ಯಾನ್ಸ್ ಹುಡ್ಗೀರು ಹಿಂಗೇ ಬೀಳೋದು ಮೇಡಂ. ಈ ಹೊಗೆ ಕೆಳಗೆ ಕೂತ್ಕತ್ತದೆ, ಗಾಳೀನೆಲ್ಲ ಆಚೆ ದಬ್ತದೆ." ಬೇವಿನ ಮರದ ಕೆಳಗೆ ನನ್ನನ್ನು ಕೂರಿಸಿದರು. ಪ್ರೊಫೆಸರು ಓಡಿ ಬಂದರು. ಅಂದು ಮೊದಲ ಬಾರಿ ನನ್ನ ಮೇಲೆ ಕೂಗಾಡಿದರು, ಅದೂ ತಮಿಳಿನಲ್ಲಿ: ಯಾವ ಗ್ರಹವಾದರೂ ಹಾಳಾಗಿ ಹೋಗಲಿ, ಇನ್ನು ಇದು ಬೇಡ, ಸಾಕು.

ಅಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು. ನೀರಿನ ಪ್ರಯೋಗದ ಚಂದದ ಚಿತ್ರಗಳು ಇದ್ದವು, ಓರೆಯ ಲೆಕ್ಕ ಇತ್ತು, ಉಪನ್ಯಾಸ ಸಿದ್ಧವಾಗಿತ್ತು. ಎರಡು ದಿನ ಮನೆಯಲ್ಲಿ ಮಲಗಿ ಯೋಚಿಸಿದೆ. ಆ ಹಿರಿಯರು ಹೇಳಿದ ಮಾತು ಬಿಡದೆ ಕಾಡುತ್ತಿತ್ತು: ಈ ಅನಿಲ ಗಾಳಿಯನ್ನು ಆಚೆ ದಬ್ಬುತ್ತದೆ. ಹಾಗಿದ್ದರೆ ಪೆಟ್ಟಿಗೆಯೊಂದಕ್ಕೇ ಪಾಲಿಥೀನ್ ಡೇರೆ ಹಾಕಿ, ಮೊದಲು ಒಂದಿಷ್ಟು ಡ್ರೈ ಐಸನ್ನು ಮೂಲೆಯಲ್ಲಿಟ್ಟು ಅನಿಲವಾಗಲು ಬಿಟ್ಟರೆ, ಆ ಅನಿಲವೇ ಮದ್ರಾಸಿನ ಒದ್ದೆ ಗಾಳಿಯನ್ನು ಹೊರಗಟ್ಟುತ್ತದೆ. ನಾವು ಕಿಟಕಿ ಬಾಗಿಲು ತೆರೆದುಕೊಂಡು ಹೊರಗಿರಬಹುದು. ಇನ್ನೊಂದನ್ನೂ ನಿರ್ಧರಿಸಿದೆ. ಈ ಸಲ ಪೆಟ್ಟಿಗೆಯ ಓರೆಯನ್ನು ನಾನು ಇಡುವುದಿಲ್ಲ.

ಪ್ರೊಫೆಸರ ಕೋಣೆಗೆ ಹೋಗಿ ಡೇರೆಯ ಉಪಾಯ ವಿವರಿಸಿ ಹೇಳಿದೆ, "ಸರ್, ಕೊನೇದಾಗಿ ಒಂದ್ಸಲ. ಜಾಕಿ ನೀವೇ ತಿರುಗಿಸಿ. ಒಣಪುಡಿ ಯಾವ ಕಾರಣಕ್ಕೂ ಜಾರೋದಿಲ್ಲ ಅಂತ ನಿಮಗೆ ಯಾವ ಓರೆಯಲ್ಲಿ ಸಮಾಧಾನವೋ ಅಲ್ಲಿ ಇಡಿ. ಅದು ಹರಿಯದಿದ್ರೆ ಈ ಮಾತು ಮತ್ತೆ ಎತ್ತಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಡೇರೆ ಒಳಗೆ ತಲೆ ಹಾಕ್ತೀಯಾ?"

"ಇಲ್ಲ ಸರ್."

"ಪ್ರಾಮಿಸ್?"

"ಪ್ರಾಮಿಸ್."

ಅವರೇ ಜಾಕಿ ತಿರುಗಿಸಿದರು. ನಿಲುವಿನ ಓರೆಗಿಂತ ಎಷ್ಟೋ ಕಡಿಮೆ. ಅಲ್ಲಿ ಗೋಲಿಯನ್ನಾದರೂ ಉರುಳಿಸಬಹುದು, ಪುಡಿಯಂತೂ ನಿದ್ದೆ ಹೊಡೆಯುತ್ತದೆ. ಒಂದು ಇಡೀ ದಿನ ಹಾಗೇ ಬಿಟ್ಟೆವು. ಪ್ರೊಫೆಸರು ಬಂದು ಬಂದು ಪೆಟ್ಟಿಗೆಗೆ ಗುದ್ದಿ ನೋಡಿದರು. ಕದಲಲಿಲ್ಲ. ಸ್ಟುಡಿಯೋದ ಹಿರಿಯರು ಬಿಸಿಲಿನ ಬದಲಿಗೆಂದು ದೊಡ್ಡದೊಂದು ಚಿತ್ರೀಕರಣದ ದೀಪ ತಂದಿದ್ದರು. ಮೊದಲು ಬರಿ ಪುಡಿಯ ಮೇಲೆ ಅದರ ಬೆಳಕು ಹಾಯಿಸಿದೆವು, ಕಾಯಿತು, ಅಲುಗಲಿಲ್ಲ. ಆಮೇಲೆ ಮೇಲ್ತುದಿಯಲ್ಲಿ ನುಣ್ಣನೆಯ ಡ್ರೈ ಐಸನ್ನು ತೆಳ್ಳಗೆ ಹಾಸಿ, ಮೇಲೆ ಪುಡಿಯ ತೆಳುಪದರ ಹೊದಿಸಿ, ಮೂಲೆಯಲ್ಲೂ ಒಂದಿಷ್ಟು ಇಟ್ಟು ಡೇರೆ ಬಿಗಿದು, ಮೂವರೂ ಹೊರಗೆ ನಿಂತೆವು.

ದೀಪ ಹತ್ತಿತು. ಏನೂ ಆಗಲಿಲ್ಲ. ಪ್ರೊಫೆಸರು ಗಂಟಲು ಸರಿಮಾಡಿಕೊಂಡರು. ಆಗ ಪುಡಿಯ ಮೇಲ್ಮೈ ನಡುಗಿತು, ಹಾಲು ಉಕ್ಕುವ ಮುಂಚೆ ಕೆನೆ ಅಲುಗುತ್ತದಲ್ಲ, ಹಾಗೆ. ಒಂದು ಕಡೆ ಬೊಗಸೆಯಷ್ಟು ಕುಸಿಯಿತು. ಕುಸಿದದ್ದು ನಿಲ್ಲಲಿಲ್ಲ, ಇಳಿಜಾರಿನ ಮೇಲೆ ಹರಿದೇ ಹೋಯಿತು. ಅಡ್ಡ ಸಿಕ್ಕ ಗಂಟೊಂದನ್ನು ಬಳಸಿ ಎಡಕ್ಕೆ ಬಾಗಿ, ಮತ್ತೆ ಬಲಕ್ಕೆ ಬಾಗಿ, ತಳದಲ್ಲಿ ಬೀಸಣಿಗೆಯಾಗಿ ಹರಡಿತು.

"ಕಟ್! ಓಕೆ!" ಎಂದು ಸ್ಟುಡಿಯೋದ ಹಿರಿಯರು ಚಪ್ಪಾಳೆ ಹೊಡೆದರು.

ಪ್ರೊಫೆಸರ ಮುಖ ನೋಡಲು ನನಗೆ ಹೆದರಿಕೆ. ತಣ್ಣಗಿದ್ದ ಪುಡಿ ದೀಪದ ಶಾಖಕ್ಕೆ ಬೆಚ್ಚಗಾದ ಮೇಲೆ ಡೇರೆ ಬಿಚ್ಚಿ, ಗಾಳಿ ಆಡಲು ಬಿಟ್ಟು, ಹರಿದ ಪುಡಿಯನ್ನು ತಟ್ಟೆಗೆ ತೆಗೆದು ಅವರ ಎದುರಿಗೇ ತೂಗಿ, ಒಲೆಯಲ್ಲಿ ಕಾಯಿಸಿ ಮತ್ತೆ ತೂಗಿದೆ. ತೇವವಿದ್ದಿದ್ದರೆ ತೂಕ ಇಳಿಯಬೇಕಿತ್ತು. ಇಳಿಯಲಿಲ್ಲ. ಅವರು ಬಗ್ಗಿ ತಕ್ಕಡಿಯ ಮುಳ್ಳನ್ನು ನೋಡಿದರು, ಆಮೇಲೆ ಗಾಜಿನೊಳಗಿನ ಬಳುಕನ್ನು ನೋಡಿದರು.

"ಎಷ್ಟು ಅಳಗಾ, ಚಂದಾಗಿ ತಿರುಗಿದೆ ಅಮ್ಮಾ," ಎಂದರು. ಗಾಜಿನಿಂದ ಕಣ್ಣು ತೆಗೆಯದೆ, "ಇನ್ನೊಂದ್ಸಲ ಮಾಡು."

ಎಷ್ಟೋ ಸಲ ಮಾಡಿದೆವು. ಪದರ ದಪ್ಪವಾದರೆ ಹರಿಯುತ್ತಿರಲಿಲ್ಲ, ದೀಪ ದೂರವಾದರೆ ಹರಿಯುತ್ತಿರಲಿಲ್ಲ. ಕೆಲವು ಸಲ ಎಲ್ಲ ಸರಿಯಿದ್ದೂ ಹರಿಯಲಿಲ್ಲ, ಏಕೆಂದು ಇಂದಿಗೂ ಗೊತ್ತಿಲ್ಲ. ಮಂಗಳದ ತೆಳುಗಾಳಿ ನಮ್ಮ ಶೆಡ್ಡಿನಲ್ಲಿ ಇರಲಿಲ್ಲ. ಅಲ್ಲಿ ಅದೇ ಅನಿಲ ಇನ್ನೂ ಜೋರಾಗಿ ಉಬ್ಬೀತು ಎಂದು ಊಹಿಸಬಹುದಿತ್ತೇ ಹೊರತು ತೋರಿಸುವಂತಿರಲಿಲ್ಲ. ಇದನ್ನೆಲ್ಲ ಇದ್ದದ್ದು ಇದ್ದಂತೆ ಬರೆದು ಅವರ ಮೇಜಿನ ಮೇಲಿಟ್ಟೆ. ಮೇಲೆ ಹಳೆಯ ಶೀರ್ಷಿಕೆಯೇ ಇತ್ತು. ಬದಲಿಸುವುದು ನನ್ನ ಹಕ್ಕಲ್ಲ. ಮರುದಿನ ಅದು ನನ್ನ ಬಳಿಗೆ ವಾಪಸಾದಾಗ ನೀರು ಎಂಬ ಪದದ ಮೇಲೆ ನೇರವಾದ ಒಂದು ಗೆರೆ ಎಳೆದಿತ್ತು. ಲೇಖಕರ ಸಾಲಿನಲ್ಲಿ ನನ್ನ ಹೆಸರು ಅವರ ಹೆಸರಿಗಿಂತ ಮೊದಲು ಬಂದಿತ್ತು.

ಸಮ್ಮೇಳನದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಬಂದು, ಮೂರು ಪ್ರಯೋಗಗಳನ್ನೂ ತೆರೆಯ ಮೇಲೆ ಒಂದರ ಪಕ್ಕ ಒಂದು ತೋರಿಸಿದರು. ನೀರು, ಒಣಪುಡಿ, ಹಿಮದ ಅನಿಲ. ಆಕಾರ ನೋಡಿ ಕೊರೆದವರು ಯಾರೆಂದು ಹೇಳುವುದು ತಾವು ತಿಳಿದಿದ್ದಷ್ಟು ಸುಲಭವಲ್ಲ; ಯಾವ ಓರೆಯಲ್ಲಿ, ಯಾವ ಋತುವಿನಲ್ಲಿ ಎಂದು ಕೇಳಬೇಕು ಎಂದರು. ಮುಂದಿನ ಸಾಲಿನಲ್ಲಿದ್ದ ಅವರ ಹಳೆಯ ಸಹಪಾಠಿಯೊಬ್ಬರು ಎದ್ದು, "ಹಾಗಾದರೆ ನೀವು ನೀರನ್ನು ಕೈಬಿಟ್ಟಿರಾ?" ಎಂದು ಕೆಣಕಿದರು.

"ನನಗೆ ಈಗಲೂ ನೀರೇ ಇಷ್ಟ," ಎಂದರು ಪ್ರೊಫೆಸರು. "ಆದರೆ ನನ್ನ ಇಷ್ಟ ಈ ಫಲಿತಾಂಶಗಳಲ್ಲಿ ಒಂದಲ್ಲ." ಸಭೆ ನಕ್ಕಿತು. ಅವರೂ ನಕ್ಕರು. ಕೊನೆಯ ಸಾಲಿನಲ್ಲಿ ಕೂತಿದ್ದ ಸ್ಟುಡಿಯೋದ ಹಿರಿಯರು ಹೊರಗೆ ಬಂದಾಗ ನನ್ನ ಕಿವಿಯಲ್ಲಿ ಹೇಳಿದರು, "ಮೂರನೇ ಸೀನಲ್ಲಿ ಲೈಟಿಂಗ್ ಒಂಚೂರು ಜಾಸ್ತಿ ಆಗಿತ್ತು ಮೇಡಂ. ಆದ್ರೂ ಪರವಾಯಿಲ್ಲ, ಮಂಗಳ ಮಂಗಳದ ತರಾನೇ ಕಾಣ್ತಿತ್ತು."

ಪ್ರೊಫೆಸರು ನಿವೃತ್ತರಾದರು. ಆಮೇಲೆ ಮಳೆಯೂ ಬಂತು, ಬೇಡವೆನ್ನುವಷ್ಟು. ಎರಡು ಸಾವಿರದ ಆರರ ಕೊನೆಯಲ್ಲಿ ಒಂದು ಬೆಳಗ್ಗೆ ಎಲ್ಲ ಪತ್ರಿಕೆಗಳಲ್ಲೂ ಒಂದೇ ಸುದ್ದಿ. ಮಂಗಳದ ಕುಳಿಗೋಡೆಯ ಒಂದೇ ಜಾಗದ ಹಳೆಯ ಚಿತ್ರದಲ್ಲಿಲ್ಲದ ಬಿಳಿಯ ಹೊಸ ಗೆರೆ ಈಚಿನ ಚಿತ್ರದಲ್ಲಿ ಕಂಡಿದೆ. ಕೊರಕಲಿನಲ್ಲಿ ನಮ್ಮ ಕಾಲದಲ್ಲೇ ಏನೋ ಹರಿದಿದೆ. ನೀರೇ ಇರಬೇಕು ಎಂಬುದು ತಲೆಬರಹ. ನನಗೆ ಮೊದಲು ನೆನಪಾದದ್ದು ಅವರೇ. ಅವರಿಗೆಷ್ಟು ಸಂತೋಷವಾಗಿರಬಹುದು, ನನ್ನಿಂದಾಗಿ ಎಂಥ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು ಎಂದು ಎಷ್ಟು ನೊಂದಿರಬಹುದು ಎಂದುಕೊಳ್ಳುತ್ತ ಕಾಲೇಜಿಗೆ ಬಂದರೆ, ವಿಭಾಗದ ಮೆಟ್ಟಿಲ ಮೇಲೆ ಅವರೇ ಕೂತಿದ್ದಾರೆ. ಕ್ರೋಂಪೇಟೆಯಿಂದ ಮೊದಲ ಎಲೆಕ್ಟ್ರಿಕ್ ಟ್ರೇನು ಹಿಡಿದು ಬಂದಿದ್ದರು. ಕಂಕುಳಲ್ಲಿ ಪೇಪರು.

"ಸರ್, ಕಂಗ್ರಾಜುಲೇಷನ್ಸ್," ಎಂದೆ. "ನೀರು ಅಂತೆ."

"ಅಂತೆ," ಎಂದು ಅವರು ಮೊಣಕಾಲು ಹಿಡಿದುಕೊಂಡು ಎದ್ದರು. "ಪೇಪರಲ್ಲಿ ಓರೆ ಎಷ್ಟು ಅಂತ ಹಾಕಿಲ್ಲ. ಯಾವ ಕಾಲದಲ್ಲಿ ಹರೀತು, ಚಳೀಲಾ ಬೇಸಿಗೇಲಾ, ಅದೂ ಹಾಕಿಲ್ಲ. ಏನು ಓದೋದು ಇದನ್ನ?"

ಬಾಗಿಲು ತೆಗೆದೆ. ಈಗ ಚಿತ್ರ ಬೇಗ ಇಳಿಯುತ್ತಿತ್ತು. ಅಚ್ಚಾಗಿ ಬಂದ ಕುಳಿಯನ್ನು ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಕಾಗದದ ಮೇಲೆ ಬಗ್ಗಿ, ಕುಳಿಯ ಅಂಚಿನ ನೆರಳು ಎಲ್ಲಿಂದ ಎಲ್ಲಿಗೆ ಬಿದ್ದಿದೆ ಎಂದು ಉಗುರಿನಿಂದ ಗುರುತು ಮಾಡಿ, ನನ್ನ ಕಡೆ ಕೈ ಚಾಚಿದರು.

"ಸ್ಕೇಲ್ ಕೊಡಮ್ಮಾ."